ನೆಲದ ಸಂಪತ್ತಿನ ಲೆಕ್ಕ ಯಾರ ಕೈಯಲ್ಲಿ?

(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿ ಕೂತವರಲ್ಲಿ ಬಹಳ ಜನ ಹತ್ತಿಯನ್ನೋ ಕಬ್ಬನ್ನೋ ಬೆಳೆಯುವವರು. ಹೊಂಗಲದ ಪೇಟೆಗೆ ಹತ್ತಿ ತಂದ ರೈತ ದಲಾಲಿ ಅಂಗಡಿಯ ಪಟ್ಟಿ ಕೈಗೆ ಬಂದೊಡನೆ ಮೂರು ಸಂಗತಿ ನೋಡುತ್ತಾನೆ: ತೂಕ ಎಷ್ಟು, ದರ ಎಷ್ಟು, ಕಡಿತ ಎಷ್ಟು. ಕಾರ್ಖಾನೆಯ ಕಾಟಾದ ಮೇಲೆ ಅನುಮಾನವಿದ್ದವನು ಕಬ್ಬಿನ ಗಾಡಿಯನ್ನು ಮೊದಲೇ ಹೊರಗೆ ತೂಗಿಸಿಕೊಂಡು ಹೋಗುತ್ತಾನೆ. ತನ್ನ ಬೆಳೆಯ ವಿಷಯದಲ್ಲಿ ಇಷ್ಟು ಜಾಗರೂಕನಾದ ರೈತ, ಎಲ್ಲರಿಗೂ ಸೇರಿದ ಕಲ್ಲು, ಉಸುಕು, ಅದಿರಿನ ವಿಷಯದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿರುವುದೇಕೆ? ಇದೇ ಇಂದಿನ ನನ್ನ ಪ್ರಶ್ನೆ.

ಬೊಕ್ಕಸದ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. 1824ರಲ್ಲಿ ಕಿತ್ತೂರಿನ ದೇಸಾಯಿ ತೀರಿಕೊಂಡಾಗ ಧಾರವಾಡದ ಕಲೆಕ್ಟರ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಸಂಸ್ಥಾನದ ಬೊಕ್ಕಸಕ್ಕೆ ಮೊಹರು ಹಾಕಿಸಿ ಕಾವಲಿಟ್ಟ. ಅಕ್ಟೋಬರ 23ರ ಕಾಳಗದಲ್ಲಿ ಅವನೇ ಮಡಿದ. ಆ ಹೋರಾಟದ ರಾಣಿ ಚೆನ್ನಮ್ಮನ ಸಮಾಧಿ ಇದೇ ಬೈಲಹೊಂಗಲದಲ್ಲಿದೆ. ಆದರೆ ಅಂದಿನ ಬೊಕ್ಕಸ ಅರಮನೆಯದು, ಇಂದಿನದು ಪ್ರಜೆಗಳದು. ಹಾಗಿದ್ದ ಮೇಲೆ ಬೀಗದ ಕೈ ಯಾರ ಬಳಿ ಇದೆಯೆಂದು ಪ್ರಜೆಗಳೇ ವಿಚಾರಿಸಬೇಡವೇ?

ವಿಚಾರಿಸದಿದ್ದರೆ ಏನಾಗುವುದೆಂಬುದಕ್ಕೆ ಬಳ್ಳಾರಿಯೇ ಸಾಕ್ಷಿ. 2009ರ ಅಗಸ್ಟಿನವರೆಗೆ ಕಬ್ಬಿಣದ ಅದಿರಿನ ರಾಜಧನ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಅದೇ ಅದಿರು ಹೊರದೇಶಕ್ಕೆ ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿತ್ತು. ಜನರಿಗೆ ದಕ್ಕಿದ್ದು ಚಿಲ್ಲರೆ. ಆ ಚಿಲ್ಲರೆಯನ್ನೂ ಕೊಡದೆ ಲೂಟಿ ಮಾಡಿದವರಿದ್ದರು. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಕೊಟ್ಟ ವರದಿಯ ಪ್ರಕಾರ ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ. ಸುಮಾರು 3 ಕೋಟಿ ಟನ್ ಅದಿರು ಪರವಾನಗಿಯಿಲ್ಲದೆ ಹಡಗು ಹತ್ತಿತ್ತು. ಅದಕ್ಕೂ ಮುಂಚೆ, 2010ರಲ್ಲಿ, ಬೇಲೇಕೇರಿ ಬಂದರಿನಲ್ಲಿ ಸರಕಾರವೇ ಜಪ್ತಿ ಮಾಡಿದ್ದ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಮಾಯವಾಗಿತ್ತು!

ಈ ಕಳವು ಸಿಕ್ಕಿಬಿದ್ದದ್ದು ಹೇಗೆ? ಮಂತ್ರವಿದ್ಯೆಯಿಂದಲ್ಲ, ತಾಳೆ ನೋಡುವುದರಿಂದ. ಗಣಿ ಇಲಾಖೆ ಕೊಟ್ಟ ಪರವಾನಗಿ ಒಂದು ಕಡೆ, ಬಂದರಿನಲ್ಲಿ ಹಡಗಿಗೇರಿದ ತೂಕ ಇನ್ನೊಂದು ಕಡೆ. ಯು. ವಿ. ಸಿಂಗ್ ಅವರ ತಂಡ ಬೇರೆ ಬೇರೆ ಕಚೇರಿಗಳ ದಫ್ತರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಸುಳ್ಳು ತಾನಾಗಿಯೇ ಹೊರಬಿತ್ತು. ಹೊರಗಿನ ಕಾಟಾದಲ್ಲಿ ಕಬ್ಬು ತೂಗಿಸುವ ರೈತ ಮಾಡುವುದೂ ಇದನ್ನೇ.

ಆ ಹೊತ್ತಿಗೆ ನಾಗರಿಕರೂ ಕೈಕಟ್ಟಿ ಕೂತಿರಲಿಲ್ಲ. ನಮ್ಮ ನೆರೆಯ ಧಾರವಾಡದ ಸಮಾಜ ಪರಿವರ್ತನ ಸಮುದಾಯ 1980ರ ದಶಕದಲ್ಲೇ ತುಂಗಭದ್ರೆಯ ಮಾಲಿನ್ಯದ ವಿರುದ್ಧ, ಗೋಮಾಳದಲ್ಲಿ ನೀಲಗಿರಿ ನೆಡುವುದರ ವಿರುದ್ಧ ಜನರನ್ನು ಎಬ್ಬಿಸಿತ್ತು. 1987ರ ಕುಸನೂರು ಸತ್ಯಾಗ್ರಹದಲ್ಲಿ ರೈತರು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಎಸ್. ಆರ್. ಹಿರೇಮಠರ ಮುಂದಾಳುತನದ ಅದೇ ಸಂಘಟನೆ 2009ರಲ್ಲಿ ಗಣಿ ಲೂಟಿಯ ವಿರುದ್ಧ ಸುಪ್ರೀಮ್ ಕೋರ್ಟಿನ ಬಾಗಿಲು ತಟ್ಟಿತು. 2011ರಲ್ಲಿ ಕೋರ್ಟು ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿಗಳನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅತಿ ಕೆಟ್ಟ ಉಲ್ಲಂಘನೆಯ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಅದಿರು ತೆಗೆಯುವುದಕ್ಕೆ ಮಿತಿ ಬಿತ್ತು.

“ಗಣಿ ನಿಂತಾಗ ಕೂಲಿಕಾರನ ಹೊಟ್ಟೆಯ ಮೇಲೆ ಹೊಡೆತ ಬೀಳಲಿಲ್ಲವೇ?” ಎಂದು ಕೇಳುವವರಿದ್ದಾರೆ. ಬಿತ್ತು. ಅದನ್ನು ಮರೆಮಾಚುವುದು ಸಮಾಜವಾದಿಗಳ ಕೆಲಸವಲ್ಲ. ಲೂಟಿಯ ಲಾಭ ಉಂಡವರು ಕೆಲವರು, ನಿಲುಗಡೆಯ ಉಪವಾಸ ಉಂಡವರು ದಿನಗೂಲಿಯವರು. ಅದಕ್ಕೇ ಹೇಳುತ್ತೇನೆ: ಕೆಟ್ಟ ಮೇಲೆ ಕೋರ್ಟಿಗೆ ಹೋಗುವುದಕ್ಕಿಂತ, ಕೆಡುವ ಮೊದಲೇ ಲೆಕ್ಕ ಕೇಳುವುದು ಕೂಲಿಕಾರನಿಗೇ ಹೆಚ್ಚು ಹಿತ.

ಗೆದ್ದ ಮೇಲೂ ಕಾವಲು ಬಿಡುವಂತಿಲ್ಲ. ಕೋರ್ಟಿನ ಆಜ್ಞೆಯಿಂದ ಗಣಿ ನೆಲದ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ಹಣ ಕೂಡಿತು. ಅದನ್ನು ಖರ್ಚುಮಾಡಲು ನಿಗಮವೂ ಆಯಿತು. ಆದರೂ ಹಣ ವರುಷಗಟ್ಟಲೆ ಹಾಗೆಯೇ ಬಿದ್ದಿತ್ತು. ಧೂಳು ಕುಡಿದ ಹಳ್ಳಿಗಳು ಕಾದೇ ಕಾದವು. 2022ರಲ್ಲಿ ಅದರ ಮೇಲುಸ್ತುವಾರಿಗೆ ಸುಪ್ರೀಮ್ ಕೋರ್ಟು ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನು ನೇಮಿಸಬೇಕಾಯಿತು. ಹಣ ವಸೂಲಾಗುವುದು ಅರ್ಧ ಕೆಲಸ. ಅದು ನೊಂದವನ ಮನೆ ಮುಟ್ಟುವುದು ಉಳಿದರ್ಧ.

ಈ ಹೋರಾಟ ನಮ್ಮ ದೇಶದ್ದಷ್ಟೇ ಅಲ್ಲ. ಅಂಗೋಲದ ಎಣ್ಣೆಯ ಹಣ ಯುದ್ಧದಲ್ಲಿ, ಆಳುವವರ ಕೈಯಲ್ಲಿ ಕರಗುತ್ತಿದ್ದಾಗ, 2002ರಲ್ಲಿ ಅನೇಕ ನಾಗರಿಕ ಸಂಘಟನೆಗಳು ಲಂಡನ್ನಿನಲ್ಲಿ ಒಂದಾದವು. ಅವುಗಳ ಒತ್ತಾಯ ಇಷ್ಟೇ: ಎಣ್ಣೆ, ಅನಿಲ, ಗಣಿ ಕಂಪನಿಗಳು ಸರಕಾರಗಳಿಗೆ ಕೊಟ್ಟದ್ದೆಷ್ಟೆಂದು ಪ್ರಕಟಿಸಲಿ. ಮರುವರುಷವೇ ಕಂಪನಿ ಕೊಟ್ಟದ್ದನ್ನೂ ಸರಕಾರ ಪಡೆದದ್ದನ್ನೂ ತಾಳೆ ನೋಡುವ ಅಂತರರಾಷ್ಟ್ರೀಯ ಏರ್ಪಾಡು ಶುರುವಾಯಿತು. ನೈಜೀರಿಯಾ 2007ರಲ್ಲಿ ಇದಕ್ಕೆ ಕಾಯಿದೆಯನ್ನೇ ಮಾಡಿತು. ಭಾರತ ಆ ಕೂಟಕ್ಕೆ ಸೇರಿಲ್ಲ.

ಆದರೆ ನಮ್ಮ ಕೈ ಬರಿದೇನೂ ಅಲ್ಲ. 2015ರ ತಿದ್ದುಪಡಿಯಿಂದ ಗಣಿಗಾರಿಕೆ ಬಾಧಿತ ಜಿಲ್ಲೆಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ರಾಜಧನದ ಜೊತೆಗೆ ಹಳೆಯ ಗುತ್ತಿಗೆದಾರರು ಅದರ ಶೇಕಡಾ 30, ಹರಾಜಿನಲ್ಲಿ ಪಡೆದವರು ಶೇಕಡಾ 10 ಇದಕ್ಕೆ ಕೊಡಬೇಕು. ಕಲ್ಲು, ಉಸುಕಿನಂಥ ಉಪಖನಿಜಗಳ ವಂತಿಗೆಯನ್ನು ರಾಜ್ಯ ಸರಕಾರ ಗೊತ್ತುಮಾಡುತ್ತದೆ. ಹಣದ ದೊಡ್ಡ ಪಾಲು ಬಾಧಿತ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರಕ್ಕೆ ಹೋಗಬೇಕು. ವಂತಿಗೆಯ ಲೆಕ್ಕ, ಸಭೆಯ ನಡಾವಳಿ, ಕಾಮಗಾರಿಗಳ ಪಟ್ಟಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗಬೇಕು ಎಂದು ನಿಯಮವಿದೆ. ಕಾಣದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು.

ಇನ್ನು ನಮ್ಮ ನಾಲ್ಕು ತಾಲೂಕುಗಳ ಮಾತು. ಮಲಪ್ರಭೆ ಎಂ. ಕೆ. ಹುಬ್ಬಳ್ಳಿ, ಸಂಗೊಳ್ಳಿ ದಾಟಿ, ನವಿಲುತೀರ್ಥದ ಕಟ್ಟೆಯಿಂದಿಳಿದು, ಮುನವಳ್ಳಿಯ ಮೇಲೆ ಹಾದು ರಾಮದುರ್ಗಕ್ಕೆ ಹೋಗುತ್ತಾಳೆ. ನಾಲ್ಕೂ ತಾಲೂಕುಗಳನ್ನು ಹೊಲಿದಿರುವ ದಾರ ಅವಳೇ. ಹೊಳೆಯ ಉಸುಕು ಹೋದರೆ ದಂಡೆ ಕುಸಿಯುತ್ತದೆ, ಬಾವಿಯ ನೀರು ಇಳಿಯುತ್ತದೆ. ಗುಡ್ಡದ ಕಲ್ಲು ಕಡಿಯಾಗಿ, ಗರಸಾಗಿ ಹೋಗುವ ದಾರಿಯಲ್ಲಿ ಧೂಳು ಬೆಳೆಯ ಮೇಲೆ ಕೂಡುತ್ತದೆ. ಇದು ಬಳ್ಳಾರಿಯಷ್ಟು ದೊಡ್ಡದಲ್ಲ, ನಿಜ. ಸಣ್ಣದೆಂದೇ ಯಾರೂ ಕೇಳುವುದಿಲ್ಲ. ಯಾರೂ ಕೇಳದ್ದರಿಂದಲೇ ಸಣ್ಣದು ದೊಡ್ಡದಾಗುತ್ತದೆ.

ಆದ್ದರಿಂದ ನಾಲ್ಕು ಪ್ರಶ್ನೆ ಬರೆದುಕೊಳ್ಳಿ. ನಮ್ಮ ಊರಿನ ಸೀಮೆಯಲ್ಲಿ ಗುತ್ತಿಗೆ ಯಾರಿಗೆ, ಎಷ್ಟು ಎಕರೆಗೆ, ಎಂದಿನವರೆಗೆ? ಕಳೆದ ವರುಷ ಎಷ್ಟು ಟನ್ನಿಗೆ ಪರವಾನಗಿ ಕೊಟ್ಟರು? ರಾಜಧನವೂ ವಂತಿಗೆಯೂ ಎಷ್ಟು ಬಂತು? ಅದು ಯಾವ ಊರಿನ ಯಾವ ಕೆಲಸಕ್ಕೆ ಹೋಯಿತು? ಉತ್ತರ ಬಂದ ಮೇಲೆ ಚಾವಡಿಯಲ್ಲಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿರಿ. ಓದಲು ಬಾರದ ಅಜ್ಜನಿಗೂ ರಸ್ತೆಯಲ್ಲಿ ದಿನಕ್ಕೆ ಎಷ್ಟು ಲಾರಿ ಹೋಗುತ್ತವೆಂಬುದು ಗೊತ್ತಿರುತ್ತದೆ. ಕಾಗದದ ಲೆಕ್ಕವನ್ನು ಅವನ ಲೆಕ್ಕಕ್ಕೆ ತಾಳೆ ಹಾಕಿರಿ.

ಒಬ್ಬನೇ ಕೇಳಿದರೆ ಹೆದರಿಸುವರು. ಹತ್ತು ಹಳ್ಳಿಯ ನೂರು ಜನ ಕೇಳಿದರೆ ಹೆದರಿಸುವವನೇ ದಫ್ತರ ತೆಗೆಯುತ್ತಾನೆ. ದಲಾಲನ ಅಂಗಡಿಯಲ್ಲಿ ನಾಚದೆ ಪಟ್ಟಿ ಕೇಳುವ ನಾವು ಸರಕಾರದ ಕಚೇರಿಯಲ್ಲೂ ನಾಚದೆ ಕೇಳೋಣ. ಕೇಳಲು ಇಂದೇ ಹೊರಡೋಣ.