ಎರಡು ಮರಕುಟಿಗ, ಒಂದೇ ಸಮವಸ್ತ್ರ



ಒಂದೇ ಸಮವಸ್ತ್ರ ತೊಟ್ಟ ಇಬ್ಬರು ಹುಡುಗರು ದೂರದಿಂದ ನಡೆದು ಬರುತ್ತಿದ್ದಾರೆ. ಅವರಲ್ಲಿ ನಿಮ್ಮ ಗೆಳೆಯ ಯಾರೆಂದು ಹೇಗೆ ಗುರುತಿಸುತ್ತೀರಿ? ಅಂಗಿ ನೋಡಿ ಹೇಳಲಾಗದು. ಮೈಕಟ್ಟು, ನಡಿಗೆ, ದನಿ ಇವೇ ನಿಮಗೆ ದಾರಿ ತೋರಬೇಕು. ಹಕ್ಕಿಗಳ ಲೋಕದಲ್ಲಿಯೂ ಇಂಥ ಸಮವಸ್ತ್ರಧಾರಿಗಳಿವೆ. ಅವುಗಳಲ್ಲಿ ಬಹಳ ಹೆಸರಾದ ಜೋಡಿ ಎಂದರೆ ಉತ್ತರ ಅಮೆರಿಕದ ಡೌನಿ ಮರಕುಟಿಗ ಮತ್ತು ಹೇರಿ ಮರಕುಟಿಗ.

ಎರಡಕ್ಕೂ ಕಪ್ಪು-ಬಿಳುಪಿನ ಉಡುಪು. ಬೆನ್ನಿನ ನಡುವೆ ಬಿಳಿಯ ಪಟ್ಟೆ, ಕಪ್ಪು ರೆಕ್ಕೆಗಳ ಮೇಲೆ ಬಿಳಿಯ ಚುಕ್ಕೆ, ಮುಖದಲ್ಲಿ ಕಪ್ಪು-ಬಿಳಿ ಗೆರೆ. ಗಂಡಿಗೆ ತಲೆಯ ಹಿಂಭಾಗದಲ್ಲಿ ಒಂದು ಕೆಂಪು ಗುರುತು. ಎರಡಕ್ಕೂ 1766ರಲ್ಲಿ ಶಾಸ್ತ್ರೀಯ ಹೆಸರಿಟ್ಟವನು ಸ್ವೀಡನ್ನಿನ ಲಿನೇಯಸ್. ಒಂದು 'ಪ್ಯೂಬೆಸೆನ್ಸ್', ಅಂದರೆ ನವಿರು ರೋಮದ್ದು. ಇನ್ನೊಂದು 'ವಿಲ್ಲೋಸಸ್', ಅಂದರೆ ಒರಟು ರೋಮದ್ದು. ಆದರೆ ಈ ಹೆಸರುಗಳನ್ನು ನಂಬಿ ಮರದ ಮೇಲಿನ ಹಕ್ಕಿಯಲ್ಲಿ ರೋಮ ಹುಡುಕಹೊರಟರೆ ಏನೂ ಪ್ರಯೋಜನವಿಲ್ಲ.

ಗಾತ್ರದಲ್ಲೇನೋ ವ್ಯತ್ಯಾಸವಿದೆ. ಡೌನಿಯ ಉದ್ದ ಸುಮಾರು 15ರಿಂದ 17 ಸೆಂ.ಮೀ., ತೂಕ 21ರಿಂದ 28 ಗ್ರಾಂ. ಹೆಚ್ಚುಕಡಿಮೆ ನಮ್ಮ ಗುಬ್ಬಚ್ಚಿಯಷ್ಟು. ಹೇರಿಯ ಉದ್ದ 18ರಿಂದ 26 ಸೆಂ.ಮೀ., ತೂಕ 40ರಿಂದ 95 ಗ್ರಾಂ. ಅದು ಗೊರವಂಕದ ಗಾತ್ರದ ಹತ್ತಿರಕ್ಕೆ ಬರುತ್ತದೆ. ಹಾಗಾದರೆ ಇಷ್ಟೇ ಸಾಲದೇ ಎಂದು ನೀವು ಕೇಳಬಹುದು. ಸಾಲದು. ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಇದು ನಿತ್ಯದ ಪಾಠ. ಕ್ಯಾಮೆರಾದ ಲೆನ್ಸಿನಿಂದ ಹತ್ತಿರಕ್ಕೆ ಎಳೆದುಕೊಂಡರೆ ಗುಬ್ಬಚ್ಚಿಯೂ ಪರದೆ ತುಂಬುತ್ತದೆ, ಹದ್ದೂ ಪರದೆ ತುಂಬುತ್ತದೆ. ಪಕ್ಕದಲ್ಲಿ ಅಳತೆಗೊಂದು ವಸ್ತುವಿಲ್ಲದಿದ್ದರೆ ಗಾತ್ರವೆಂಬುದೇ ಮಾಯ. ಒಂಟಿಯಾಗಿ ಕುಳಿತ ಹಕ್ಕಿಯನ್ನು ದುರ್ಬೀನಿನಲ್ಲಿ ನೋಡುವಾಗಲೂ ಹೀಗೆಯೇ. ಆದ್ದರಿಂದ ಅಳತೆಗೋಲು ಹಕ್ಕಿಯ ಮೈಮೇಲೆಯೇ ಸಿಗಬೇಕು.

ಆ ಅಳತೆಗೋಲು ಕೊಕ್ಕು. ಕೊಕ್ಕಿನ ಬುಡದಿಂದ ತಲೆಯ ಹಿಂಭಾಗದವರೆಗಿನ ದೂರವನ್ನು ಮನಸ್ಸಿನಲ್ಲಿ ಅಳೆಯಿರಿ. ಕೊಕ್ಕು ಅದರ ಅರ್ಧಕ್ಕಿಂತ ಗಿಡ್ಡವಾಗಿ, ಮುಳ್ಳಿನಂತೆ ಕಂಡರೆ ಅದು ಡೌನಿ. ಹೆಚ್ಚುಕಡಿಮೆ ತಲೆಯಷ್ಟೇ ಉದ್ದವಾಗಿ, ಉಳಿಯಂತೆ ಗಟ್ಟಿಯಾಗಿ ಕಂಡರೆ ಹೇರಿ. ಗಾತ್ರ ಮೋಸ ಮಾಡಬಹುದು. ಅನುಪಾತ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಎರಡನೆಯ ಸಾಕ್ಷಿ ಬಾಲ. ಬಾಲದ ಹೊರ ಅಂಚಿನ ಬಿಳಿ ಗರಿಗಳಲ್ಲಿ ಡೌನಿಗೆ ಸಾಮಾನ್ಯವಾಗಿ ಕಪ್ಪು ಮಚ್ಚೆಗಳಿರುತ್ತವೆ. ಹೇರಿಗೆ ಆ ಗರಿಗಳು ಬಹುಮಟ್ಟಿಗೆ ಅಚ್ಚ ಬಿಳಿ. ಮೂರನೆಯದು ದನಿ. ಡೌನಿಯ ಉದ್ದನೆಯ ಕೂಗು ಕೊನೆಕೊನೆಗೆ ಸ್ವರ ಇಳಿಸುತ್ತ ಹೋಗುತ್ತದೆ. ಹೇರಿಯದು ಒಂದೇ ಸ್ವರದಲ್ಲಿ ಗಿಲಕಿಯಂತೆ ಸಾಗುತ್ತದೆ. ನಾಲ್ಕನೆಯದು ನಡವಳಿಕೆ. ಹಗುರ ಮೈಯ ಡೌನಿ ಸಣ್ಣ ರೆಂಬೆಗಳಲ್ಲಿ, ಕಳೆಗಿಡಗಳ ಕಡ್ಡಿಗಳಲ್ಲಿಯೂ ಹುಳು ಹುಡುಕುತ್ತದೆ. ಹೇರಿಗೆ ದೊಡ್ಡ ಕಾಂಡ, ದಪ್ಪ ಕೊಂಬೆ ಬೇಕು.

ಈ ಕೊನೆಯ ಮಾತಿನಲ್ಲಿಯೇ ಗುರುತಿಸುವಿಕೆಯ ಮಹತ್ವ ಅಡಗಿದೆ. 1976ರಲ್ಲಿ ಕೆನಡಾದ ಒಂಟಾರಿಯೋದಲ್ಲಿ, ಮನೆಯಂಗಳದ ಕಾಳಿನ ತಟ್ಟೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳನ್ನು ಸಾಮಾನ್ಯ ಜನರೇ ಎಣಿಸುವ ಕಾರ್ಯ ಆರಂಭವಾಯಿತು. 1987-88ರ ಚಳಿಗಾಲದಿಂದ ಅದು 'ಪ್ರಾಜೆಕ್ಟ್ ಫೀಡರ್‌ವಾಚ್' ಎಂಬ ಹೆಸರಿನಲ್ಲಿ ಇಡೀ ಖಂಡಕ್ಕೆ ಹಬ್ಬಿತು. ಈಗ ಯೋಚಿಸಿ: ಬಲಿತ ಕಾಡನ್ನು ಹೆಚ್ಚು ನೆಚ್ಚುವ ಹೇರಿ ಒಂದು ಊರಿನಿಂದ ಮರೆಯಾಗುತ್ತಿದೆ, ಆದರೆ ಎಣಿಸುವವರು ಪ್ರತಿ ಡೌನಿಯನ್ನೂ ಹೇರಿ ಎಂದು ಬರೆಯುತ್ತಿದ್ದಾರೆ. ಆಗ ಕಾಗದದ ಮೇಲೆ ಹೇರಿ ಕ್ಷೇಮ, ಕಾಡಿನಲ್ಲಿ ಇಲ್ಲ! ತಪ್ಪು ಗುರುತಿಗಿಂತ 'ಎರಡರಲ್ಲೊಂದು, ಖಚಿತವಿಲ್ಲ' ಎಂದು ಬರೆಯುವುದೇ ವಿಜ್ಞಾನಕ್ಕೆ ದೊಡ್ಡ ಉಪಕಾರ.

ಇಷ್ಟೊಂದು ಹೋಲುವ ಇವು ಅಕ್ಕತಂಗಿಯರಿರಬೇಕು ಎಂದು ಅನ್ನಿಸುವುದು ಸಹಜ. ಆದರೆ ಡಿಎನ್ಎ ಪರೀಕ್ಷೆಗಳು ಹೇಳುವುದೇ ಬೇರೆ. ಇವು ಒಂದಕ್ಕೊಂದು ಅತಿ ಹತ್ತಿರದ ಬಂಧುಗಳಲ್ಲ. ಬೇರೆ ಬೇರೆ ಕವಲುಗಳಲ್ಲಿ ಬಂದು ಒಂದೇ ವೇಷ ತೊಟ್ಟವು. ಕಾರಣವೇನು? ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರಮ್ 2014ರಲ್ಲಿ ಒಂದು ವಿವರಣೆ ಮುಂದಿಟ್ಟರು. ಚಿಕ್ಕ ಹಕ್ಕಿ ದೊಡ್ಡದರ ವೇಷ ಹಾಕಿದರೆ, ಆಹಾರಕ್ಕೆ ಪೈಪೋಟಿ ನಡೆಸುವ ಇತರ ಹಕ್ಕಿಗಳು ಅಂಜಿ ದೂರ ಸರಿಯಬಹುದು ಎಂಬುದು ಅದರ ಸಾರ. ಅಂಗಳದ ತಟ್ಟೆಯಲ್ಲಿ ಯಾವ ಹಕ್ಕಿ ಯಾವುದನ್ನು ಓಡಿಸಿತೆಂದು ಫೀಡರ್‌ವಾಚ್‌ನ ಜನ ಬರೆದು ಕಳುಹಿಸಿದ ದಾಖಲೆಗಳನ್ನು ಬಳಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಡೌನಿ ತನ್ನ ತೂಕಕ್ಕೆ ಮೀರಿದ ದರ್ಪ ತೋರುತ್ತದೆ ಎಂಬುದು ಅದರಲ್ಲಿ ಕಂಡುಬಂತು. ಆದರೆ ಈ ವೇಷಕ್ಕೆ ಹೇರಿ ಮಾತ್ರ ಮರುಳಾಗುವುದಿಲ್ಲ. ಮನೆಯ ಕಿಟಕಿಯ ಬಳಿ ಕುಳಿತು ಬರೆದ ಟಿಪ್ಪಣಿಯೂ ವಿಕಾಸವಾದದ ಪ್ರಶ್ನೆಗೆ ಉತ್ತರ ಹುಡುಕಲು ನೆರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಡೌನಿ, ಹೇರಿ ನಮ್ಮಲ್ಲಿಲ್ಲ. ಆದರೆ ಇದೇ ಒಗಟು ಪಶ್ಚಿಮಘಟ್ಟದಲ್ಲಿದೆ. ಅಲ್ಲಿ ಹೊಂಬಣ್ಣದ ಬೆನ್ನು, ಕೆಂಪು ಸೊಂಟದ ಎರಡು ಮರಕುಟಿಗಗಳಿವೆ. ಇವೂ ಹತ್ತಿರದ ಬಂಧುಗಳಲ್ಲ. ದೊಡ್ಡದಕ್ಕೆ ಉದ್ದ ಕೊಕ್ಕು, ತಿಳಿಬಣ್ಣದ ಕಣ್ಣು, ಕತ್ತಿನ ಹಿಂಭಾಗ ಬಿಳಿ, ಕಾಲಿಗೆ ನಾಲ್ಕು ಬೆರಳು. ಚಿಕ್ಕದಕ್ಕೆ ಗಿಡ್ಡ ಕೊಕ್ಕು, ಕಡುಬಣ್ಣದ ಕಣ್ಣು, ಕತ್ತಿನ ಹಿಂಭಾಗ ಕಪ್ಪು, ಕಾಲಿಗೆ ಮೂರೇ ಬೆರಳು. ಸೊಂಟವೂ ಕಪ್ಪಾಗಿದ್ದರೆ ಅದು ನಮ್ಮ ತೋಟಗಳಲ್ಲಿ ಸಾಮಾನ್ಯವಾಗಿ ಕಾಣುವ ಮೂರನೆಯದು.

ನಮ್ಮ ದೇಶದಲ್ಲಿಯೂ 2013ರಿಂದ ಫೆಬ್ರುವರಿ ತಿಂಗಳಲ್ಲಿ ಹಿತ್ತಿಲ ಹಕ್ಕಿಗಳ ಎಣಿಕೆ ನಡೆದುಬಂದಿದೆ. ನೀವೂ ಒಂದು ಪುಟ್ಟ ನೋಟುಪುಸ್ತಕ ಇಟ್ಟುಕೊಳ್ಳಿ. ಮರಕುಟಿಗ ಕಂಡೊಡನೆ ಹೆಸರು ಬರೆಯುವ ಆತುರ ಬೇಡ. ಕೊಕ್ಕು ಎಷ್ಟು ಉದ್ದ, ಕತ್ತು ಯಾವ ಬಣ್ಣ, ಕುಳಿತದ್ದು ರೆಂಬೆಯ ಮೇಲೋ ಕಾಂಡದ ಮೇಲೋ, ಇದನ್ನು ಮೊದಲು ಬರೆಯಿರಿ. ಹೆಸರನ್ನು ಆಮೇಲೆ ಪುಸ್ತಕ ನೋಡಿ ತುಂಬಬಹುದು. ಆದರೆ ಆ ಕ್ಷಣ ನೀವು ನೋಡದೆ ಬಿಟ್ಟದ್ದನ್ನು ಯಾವ ಪುಸ್ತಕವೂ ತುಂಬಿಕೊಡಲಾರದು.