ಪೇಠೆಯ ಧರ್ಮವೂ ಸರಕಾರದ ಧರ್ಮವೂ

(ಶಿಕ್ಷಕರೂ ನಾಗರಿಕರೂ ಕೂಡಿದ ವಾಚನಾಲಯದ ಸಭೆಯೊಂದರಲ್ಲಿ ಮಾಡಿದ ಭಾಷಣ)



ವ್ಯಾಪಾರದಲ್ಲಿ ಸರಕಾರವು ಕೈಹಾಕಬೇಕೋ, ಅದನ್ನು ಅದರ ಪಾಡಿಗೆ ಬಿಟ್ಟುಬಿಡಬೇಕೋ ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ನಮಗೆ ಅಪ್ಪಣೆ ಮಾಡಿರುವಿರಿ. ಈ ವಾದವು ಸಾಮಾನ್ಯವಾಗಿ ತತ್ತ್ವಗಳ ಹೆಸರುಗಳಲ್ಲಿಯೇ ಸುತ್ತುತ್ತಿರುತ್ತದೆ. ಒಬ್ಬರು ಸ್ವಾತಂತ್ರ್ಯವೆನ್ನುತ್ತಾರೆ, ಇನ್ನೊಬ್ಬರು ಸಮತೆಯೆನ್ನುತ್ತಾರೆ. ಕೇಳುವವರು ಇಬ್ಬರಿಗೂ ತಲೆದೂಗಿ ಮನೆಗೆ ಹೋಗುತ್ತಾರೆ. ವಕೀಲಿ ವೃತ್ತಿಯವರಾದ ನಮಗೆ ತತ್ತ್ವಕ್ಕಿಂತ ಖಟ್ಲೆಯೇ ಹೆಚ್ಚು ರುಚಿಸುವದು. ಆದುದರಿಂದ ಕಾಳಿನ ವ್ಯಾಪಾರವೆಂಬ ಒಂದೇ ಖಟ್ಲೆಯನ್ನು ತಮ್ಮ ಮುಂದಿಡುತ್ತೇವೆ. ಇದರಲ್ಲಿ ಸಾಕ್ಷಿಗಳು ಲಕ್ಷಗಟ್ಟಲೆ. ಆದರೆ ಅವರಲ್ಲಿ ಒಬ್ಬರಾದರೂ ಕಟಕಟೆಗೆ ಬರಲು ಉಳಿದಿಲ್ಲ.

ಮೊದಲು ಅನಿರ್ಬಂಧ ವ್ಯಾಪಾರದ ಪಕ್ಷವನ್ನು ಕೇಳೋಣ. ಅದನ್ನು ಕೇಳದೆ ತೀರ್ಪು ಕೊಡುವದು ಅನ್ಯಾಯವಾದೀತು. ಆಡಮ್ ಸ್ಮಿಥ್‌ನು 1776ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಕಾಳಿನ ವ್ಯಾಪಾರಿಯ ಪರವಾಗಿ ಬಲವಾದ ವಾದವನ್ನು ಹೂಡಿರುವನು. ಬೆಳೆ ಕಡಮೆಯಾದ ವರ್ಷ ಧಾರಣೆ ಏರುವದರಿಂದ ಜನರು ಹಿಡಿತದಿಂದ ಉಣ್ಣುವರು. ಇದ್ದ ಕಾಳು ಮುಂದಿನ ಸುಗ್ಗಿಯವರೆಗೆ ಬಾಳುವದು. ತುಟ್ಟಿಯ ಆಸೆಗೆ ಪರಸ್ಥಳದ ಕಾಳು ತಾನಾಗಿಯೇ ನಡೆದು ಬರುವದು. ಸರಕಾರವು ಬಲಾತ್ಕಾರದಿಂದ ಧಾರಣೆಯನ್ನು ಇಳಿಸಹೋದರೆ ಕಾಳು ಹಗೆಯೊಳಗಿಂದ ಮೇಲಕ್ಕೇಳುವದೇ ಇಲ್ಲ. ಇದು ಸುಳ್ಳಲ್ಲ, ಸಂತೆಗೆ ಹೋಗುವ ನಮ್ಮ ರೈತನಿಗೂ ಇದು ಗೊತ್ತು. ಆದರೆ ಈ ವಾದದಲ್ಲಿ ಒಂದು ಮಾತು ಹೇಳದೆಯೇ ಉಳಿದಿದೆ: ಕೊಳ್ಳುವವನ ಕೈಯಲ್ಲಿ ದುಡ್ಡಿರಬೇಕು.

1866ರಲ್ಲಿ ಒರಿಸ್ಸಾದಲ್ಲಿ ಬರ ಬಿದ್ದಾಗ, ವ್ಯಾಪಾರಿಗಳು ಅಕ್ಕಿಯನ್ನು ತಂದೇ ತರುವರೆಂದು ಬಂಗಾಲದ ಅಧಿಕಾರಿಗಳು ಸುಮ್ಮನೆ ಕುಳಿತರು. ಮಳೆಗಾಲ ಹಿಡಿದು ಬಂದರುಗಳ ದಾರಿ ಮುಚ್ಚಿತು. ಸುಮಾರು 10 ಲಕ್ಷ ಜನರು ಸತ್ತರು. ಈ ಅಪಕೀರ್ತಿಯ ನೆನಪು ಇನ್ನೂ ಹಸಿಯಾಗಿದ್ದುದರಿಂದ 1873-74ರಲ್ಲಿ ಬಿಹಾರಕ್ಕೆ ಬರ ಬಂದಾಗ ಸರಕಾರವೇ ಬ್ರಹ್ಮದೇಶದಿಂದ ಅಕ್ಕಿ ತರಿಸಿತು. ಕೊಂಡದ್ದು ಸುಮಾರು 4.5 ಲಕ್ಷ ಟನ್ನು. ಈ ಕಾರ್ಯದ ಮೇಲ್ವಿಚಾರಣೆ ಸರ್ ರಿಚರ್ಡ್ ಟೆಂಪಲ್‌ನದು. ಹಸಿವಿನಿಂದ ಸತ್ತವರು ಅತಿ ವಿರಳ. ಇದಕ್ಕಾಗಿ ಆತನಿಗೆ ದೊರೆತದ್ದು ಹೊಗಳಿಕೆಯಲ್ಲ. ದುಂದುವೆಚ್ಚ ಮಾಡಿದನೆಂಬ ನಿಂದೆ. ಅಕ್ಕಿ ಉಳಿಯಿತಂತೆ, ಹಣ ಹಾಳಾಯಿತಂತೆ! ಜನ ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುವ ಕಾಲಂ ಅವರ ಜಮಾಖರ್ಚಿನ ಪುಸ್ತಕದಲ್ಲಿ ಇರಲಿಲ್ಲವೆಂದು ತೋರುತ್ತದೆ.

ಇನ್ನು ನಮ್ಮ ನಾಡಿನ ಸರದಿ. 1876-78ರ ಧಾತು-ಈಶ್ವರ ಸಂವತ್ಸರಗಳ ಬರವನ್ನು ಇಲ್ಲಿಯ ಹಳೆಯ ಮನೆತನಗಳವರು ತಮ್ಮ ಹಿರಿಯರಿಂದ ಕೇಳಿರಬಹುದು. ಮದ್ರಾಸದ ಗವರ್ನರನಾದ ಬಕಿಂಗ್‌ಹಾಮ್ ಡ್ಯೂಕನು 30,000 ಟನ್ನು ಧಾನ್ಯವನ್ನು ಗುಟ್ಟಾಗಿ ಕೊಳ್ಳಿಸಿದಾಗ ವೈಸರಾಯ್ ಲಾರ್ಡ್ ಲಿಟ್ಟನ್‌ನು ಅದಕ್ಕೆ ಆಕ್ಷೇಪವೆತ್ತಿ ಮುಂದಿನ ಖರೀದಿಯನ್ನು ತಡೆದನು. ಸರಕಾರವು ಪೇಠೆಗಿಳಿದರೆ ವ್ಯಾಪಾರಿ ಹಿಂಜರಿಯುವನೆಂಬುದು ಆತನ ಸಿದ್ಧಾಂತ. 1877ರ ಆರಂಭದಲ್ಲಿ ಆತನು ದಕ್ಷಿಣಕ್ಕೆ ಕಳುಹಿಸಿದ್ದು ಯಾರನ್ನು? ಬಿಹಾರದ ಅದೇ ಟೆಂಪಲ್‌ನನ್ನು. ಒಮ್ಮೆ ನಿಂದೆಗೊಳಗಾದ ಅಧಿಕಾರಿಯು ಈ ಸಲ ಮಿತವ್ಯಯದ ಅವತಾರವೇ ಆದನು. ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಸೇರಿಗೂ ತುಸು ಕಡಮೆ ಧಾನ್ಯದ ಬೆಲೆ ಮತ್ತು ಮೇಲೆ ಒಂದು ಆಣೆ ಎಂದು ಗೊತ್ತುಮಾಡಿದನು. ಸೆರೆಮನೆಯಲ್ಲಿ ಕಠಿಣ ಶಿಕ್ಷೆಯ ಕೈದಿಗೆ ಇದಕ್ಕಿಂತ ಹೆಚ್ಚು ದೊರೆಯುತ್ತಿತ್ತು. ಮದ್ರಾಸದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್‌ನು ಪ್ರತಿಭಟಿಸಿ ಬರೆದ ಮೇಲೆ ಕೆಲವು ತಿಂಗಳಲ್ಲಿ ಮದ್ರಾಸ ಸರಕಾರವು ಕೂಲಿಯನ್ನು ಏರಿಸಿತು. ಅಷ್ಟರಲ್ಲಿ ಎಷ್ಟೋ ಜನರಿಗೆ ಕೂಲಿಯ ಅವಶ್ಯಕತೆಯೇ ಉಳಿದಿರಲಿಲ್ಲ.

ಆ ದಿವಸ ದೇಶದಲ್ಲಿ ಕಾಳೇ ಇರಲಿಲ್ಲವೆಂದು ತಿಳಿಯಬಾರದು. ಇಂಗ್ಲಂಡಕ್ಕೆ ಗೋದಿಯ ರಫ್ತು ನಡೆದೇ ಇತ್ತು. ಬಳ್ಳಾರಿಗೆ ಆಗಲೇ ರೈಲುಹಾದಿ ಬಂದಿತ್ತು. ಆದರೂ ಮದ್ರಾಸ ಇಲಾಖೆಯಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬೆಳೆ ಹೋದೊಡನೆ ಹೊಲದ ಕೂಲಿ ನಿಂತಿತು, ನೇಕಾರನ ಸೀರೆಯನ್ನು ಕೇಳುವವರಿಲ್ಲವಾದರು. ರೈಲು ಕಾಳನ್ನು ಹಸಿವಿದ್ದಲ್ಲಿಗೆ ಒಯ್ಯುವದಿಲ್ಲ, ದುಡ್ಡಿದ್ದಲ್ಲಿಗೆ ಒಯ್ಯುತ್ತದೆ. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರ ಖಾನೇಸುಮಾರಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇದು ಸಿದ್ಧಾಂತವೊಂದರ ಬೆಲೆ.

ಹಾಗಾದರೆ ಎಲ್ಲವನ್ನೂ ಸರಕಾರದ ಕೈಗೆ ಕೊಡೋಣವೇ? ಅವಸರ ಬೇಡ. 1943ರ ಬಂಗಾಲದಲ್ಲಿ ಸರಕಾರದ ಕೈ ಎಲ್ಲೆಡೆಯೂ ಇತ್ತು. ಜಪಾನೀಯರ ಭಯದಿಂದ 1942ರಲ್ಲಿ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡವರು ಅಧಿಕಾರಿಗಳು. ಕಾಳು ಎಲ್ಲೆ ದಾಟದಂತೆ ಬೇಲಿ ಹಾಕಿಕೊಂಡವು ಪ್ರಾಂತಗಳ ಸರಕಾರಗಳು. ಕಲ್ಕತ್ತೆಯ ಕಾರಖಾನೆಗಳವರಿಗೆ ಅನ್ನ ಒದಗಿಸುವ ಭರದಲ್ಲಿ ಹಳ್ಳಿಯನ್ನು ಮರೆತರು. ಒಮ್ಮೆ ನಿಯಂತ್ರಣ, 1943ರ ಮಾರ್ಚದಲ್ಲಿ ಅನಿಯಂತ್ರಣ, ಮತ್ತೆ ನಿಯಂತ್ರಣ. 1880ರ ಕ್ಷಾಮ ಆಯೋಗದ ತರುವಾಯ ಸಿದ್ಧವಾದ ಕ್ಷಾಮ ನಿಯಮಾವಳಿಯು ಕೈಯಲ್ಲಿದ್ದರೂ ಕ್ಷಾಮವೆಂದು ಸಾರಲೇ ಇಲ್ಲ. ಸುಮಾರು 30 ಲಕ್ಷ ಜನರು ಅಳಿದರೆಂದು ಈಗಿನ ಅಂದಾಜು. 1981ರಲ್ಲಿ ಅಮರ್ತ್ಯ ಸೇನರು ತಮ್ಮ ಗ್ರಂಥದಲ್ಲಿ ತೋರಿಸಿದ್ದೂ ಬಳ್ಳಾರಿಯ ಕಥೆಯನ್ನೇ: ಕಾಳಿನ ಅಭಾವಕ್ಕಿಂತ ಕೊಳ್ಳುವ ಶಕ್ತಿಯ ಅಭಾವವು ಮುಖ್ಯ.

ಆ ಕ್ಷಾಮ ನಿಯಮಾವಳಿಯ ಜಾಣತನವು ನಮಗೆ ಹಿಡಿಸುತ್ತದೆ. ಅದು ಕೂಲಿ ಕೊಡುವ ಭಾರವನ್ನು ಸರಕಾರದ ಮೇಲೆ ಹೊರಿಸಿತು, ಕಾಳು ತರುವದನ್ನು ಬಹುಮಟ್ಟಿಗೆ ವ್ಯಾಪಾರಿಗೆ ಬಿಟ್ಟಿತು. ಕೂಲಿಕಾರನ ಉಡಿಯಲ್ಲಿ ದುಡ್ಡು ಬಿದ್ದರೆ ಸ್ಮಿಥ್‌ನ ವ್ಯಾಪಾರಿ ನಿಜವಾಗಿಯೂ ಬರುವನು. ಬಾರದಿದ್ದರೆ? ಆಗ ಸರಕಾರದ ಉಗ್ರಾಣದಲ್ಲಿ ಕಾಳಿರಬೇಕು. 1947ರ ಕೊನೆಯಲ್ಲಿ ಗಾಂಧೀಜಿಯವರ ಆಗ್ರಹದಂತೆ ನಿಯಂತ್ರಣವನ್ನು ಸಡಿಲಿಸಿದರು. ಕಾಳಸಂತೆಯು ಜನರ ನೀತಿಯನ್ನೇ ಕೆಡಿಸುತ್ತಿದೆಯೆಂಬ ಅವರ ನೋವು ಯಥಾರ್ಥವಾದದ್ದೇ. ಆದರೆ ಧಾರಣೆಗಳು ಏರುತ್ತ ಹೋದವು. 1948ರಲ್ಲಿಯೇ ನಿಯಂತ್ರಣವನ್ನು ಮರಳಿ ತರಬೇಕಾಯಿತು. ಉಗ್ರಾಣ ತುಂಬದೆ ಬಾಗಿಲು ತೆರೆದರೆ ಹೀಗಾಗುವದು. ಆಹಾರ ನಿಗಮವು ಹುಟ್ಟಿದ್ದು 1965ರಲ್ಲಿ.

2020ರ ಕಾಯಿದೆಯ ವಿಷಯದಲ್ಲಿಯೂ ಒಂದು ಮಾತು. ಅವಶ್ಯಕ ವಸ್ತುಗಳ ಕಾಯಿದೆಗೆ ಮಾಡಿದ ಆ ತಿದ್ದುಪಡಿಯಂತೆ ಬೇಗನೆ ಕೆಡದ ಕಾಳುಕಡಿಗಳ ಚಿಲ್ಲರೆ ಧಾರಣೆಯು ಶೇಕಡಾ 50ರಷ್ಟು ಏರಿದ ಹೊರತು, ಸಾಮಾನ್ಯವಾಗಿ, ದಾಸ್ತಾನಿಗೆ ಮಿತಿ ಹಾಕುವಂತಿರಲಿಲ್ಲ. 2021ರಲ್ಲಿ ಅದನ್ನು ಹಿಂತೆಗೆದುಕೊಂಡರು. ಪರ-ವಿರೋಧ ಬಹಳ ಕೇಳಿದೆವು. ಆದರೆ ನಮ್ಮ ತಕರಾರೇ ಬೇರೆ. ಆ ಕಲಮಿನಲ್ಲಿ ಅಳತೆಗೋಲು ಧಾರಣೆಯೊಂದೇ. ಕೂಲಿ ಏರಿದೆಯೋ ಇಳಿದಿದೆಯೋ ಎಂಬ ಮಾತೇ ಇಲ್ಲ. ಧಾರಣೆ ಕಾಲುಭಾಗ ಏರಿ ಕೂಲಿ ಅರ್ಧಕ್ಕೆ ಇಳಿದರೆ ಆ ಕಲಮು ನಿದ್ರಿಸುತ್ತಿರುವದು.

ಕೊನೆಯದಾಗಿ, ಇಲ್ಲಿ ನೆರೆದ ಗುರುಗಳಿಗೆ ನಮ್ಮದೊಂದು ಬಿನ್ನಹವಿದೆ. 2013ರ ಆಹಾರ ಭದ್ರತೆಯ ಕಾಯಿದೆಯು ಪಡಿತರದ ದಾಖಲೆಗಳನ್ನು ಸಾರ್ವಜನಿಕರ ಮುಂದೆ ತೆರೆದಿಡಬೇಕೆಂದೂ, ಅಂಗಡಿಯ ಮಟ್ಟದವರೆಗೆ ಜಾಗೃತ ಸಮಿತಿಗಳಿರಬೇಕೆಂದೂ ವಿಧಿಸಿದೆ. ನ್ಯಾಯಾಲಯದಲ್ಲಿ ನಾವು ವಾದಿಸಬಲ್ಲೆವು. ತಿಂಗಳು ತಿಂಗಳು ಅಂಗಡಿಗೆ ಹೋಗಿ ದಫ್ತರ ಓದಿ, ಬಂದದ್ದೆಷ್ಟು ಹಂಚಿದ್ದೆಷ್ಟು ಎಂದು ಊರಿಗೆ ಕನ್ನಡದಲ್ಲಿ ತಿಳಿಯಹೇಳುವವರು ತಾವೇ. ತಮ್ಮ ತಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ, ಅದು ಕೊನೆಗೆ ಕೂಡಿದ್ದು ಯಾವಾಗ ಎಂಬುದನ್ನು ಬರುವ ವಾರದೊಳಗೆ ವಿಚಾರಿಸಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇವೆ.