ಭಯೋತ್ಪಾದಕ, ಉಗ್ರಗಾಮಿ, ಬಂಡುಕೋರ: ಅಳತೆಗೋಲು ಒಂದೇ ಇರಲಿ

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕನ್ನಡ ಪತ್ರಿಕೆಗಳ ಶೀರ್ಷಿಕೆಗಳನ್ನು ಓದುವವರಿಗೆಲ್ಲ ‘ಉಗ್ರ’ ಎಂಬ ಎರಡಕ್ಷರದ ಪದ ಚಿರಪರಿಚಿತ. ಗಡಿಯಲ್ಲಿ ಸೈನಿಕರೊಂದಿಗೆ ಗುಂಡಿನ ಕಾಳಗ ನಡೆಸಿದವನು ಉಗ್ರ. ರೈಲಿನಲ್ಲಿ ಬಾಂಬಿಟ್ಟವನು ಉಗ್ರ. ಪ್ರತ್ಯೇಕ ನಾಡಿಗಾಗಿ ಕಾಡು ಸೇರಿ ಬಂದೂಕು ಹಿಡಿದವನೂ ಉಗ್ರ. ನಿನ್ನೆ ರಾತ್ರಿ ಪೊಲೀಸರು ವಿಚಾರಣೆಗೆಂದು ಮನೆಯಿಂದ ಕರೆದೊಯ್ದ ಯುವಕನೂ ಉಗ್ರನೇ. ಈ ಕೊನೆಯವನಿಗೆ ‘ಶಂಕಿತ’ ಎಂಬ ವಿಶೇಷಣವೊಂದು ಅಂಟಿಕೊಂಡಿರುತ್ತದೆ, ನಿಜ. ಆದರೆ ಆ ವಿಶೇಷಣವನ್ನು ನೆರೆಮನೆಯವರು ಓದುವುದಿಲ್ಲ, ಬಾಡಿಗೆ ಮನೆಯ ಮಾಲಕರು ಓದುವುದಿಲ್ಲ, ಅವನ ತಂಗಿಯನ್ನು ನೋಡಲು ಬರಬೇಕಾಗಿದ್ದ ಗಂಡಿನ ಕಡೆಯವರೂ ಓದುವುದಿಲ್ಲ.

ಪದವೊಂದಕ್ಕೆ ಇಷ್ಟು ಬಲವಿರುವಾಗ ಅದನ್ನು ಯಾವ ಅಳತೆಯಿಂದ ಬಳಸಬೇಕೆಂಬ ಚರ್ಚೆಯನ್ನು ಕೇವಲ ಪಂಡಿತರಿಗೆ ಬಿಟ್ಟುಕೊಡಲಾಗದು. ಅದು ನಮ್ಮ ನಿಮ್ಮ ಮನೆಯ ಪ್ರಶ್ನೆ. ಆದ್ದರಿಂದ ಈ ಮೂರು ಪದಗಳನ್ನು ಇಂದು ಬಿಡಿಸಿ ನೋಡೋಣ.

ಮೊದಲನೆಯದು ಬಂಡುಕೋರ. ಕನ್ನಡಿಗರಿಗೆ ಇದು ಬೈಗುಳವಲ್ಲ. 1857ರಲ್ಲಿ ಹಲಗಲಿಯ ಬೇಡರನ್ನೂ 1858ರಲ್ಲಿ ನರಗುಂದದ ಬಾಬಾಸಾಹೇಬರನ್ನೂ ಬ್ರಿಟಿಷ್ ಸರಕಾರ ಬಂಡುಕೋರರೆಂದೇ ಕರೆಯಿತು. ನಾವು ಇಂದಿಗೂ ಅವರನ್ನು ಗೌರವದಿಂದ ಸ್ಮರಿಸುತ್ತೇವೆ. ಈ ಪದವು ವ್ಯಕ್ತಿಯ ಒಳಿತು ಕೆಡುಕುಗಳ ಬಗ್ಗೆ ತೀರ್ಪು ನೀಡುವುದಿಲ್ಲ. ಅವನು ಯಾರ ವಿರುದ್ಧ ಎದ್ದು ನಿಂತಿದ್ದಾನೆ ಎಂಬುದನ್ನಷ್ಟೇ ಹೇಳುತ್ತದೆ. ಸಂಘಟಿತವಾಗಿ, ಶಸ್ತ್ರ ಹಿಡಿದು, ಆಳುವ ಸರಕಾರವನ್ನು ಕಿತ್ತೊಗೆಯಲು ಅಥವಾ ಅದರಿಂದ ಬೇರೆಯಾಗಲು ಹೊರಟವನೇ ಬಂಡುಕೋರ.

ಎರಡನೆಯದು ಉಗ್ರಗಾಮಿ. ಇದು ಅವನು ಹಿಡಿದ ದಾರಿಯನ್ನು ಸೂಚಿಸುತ್ತದೆ. ಮನವಿ, ಸತ್ಯಾಗ್ರಹ, ಚುನಾವಣೆಗಳ ಮಾರ್ಗವನ್ನು ತೊರೆದು ಬಲಪ್ರಯೋಗಕ್ಕೆ ಇಳಿದವನು ಉಗ್ರಗಾಮಿ.

ಮೂರನೆಯದು ಭಯೋತ್ಪಾದಕ. ಏಟು ಯಾರ ಮೇಲೆ ಬಿತ್ತು ಮತ್ತು ಯಾಕಾಗಿ ಬಿತ್ತು ಎಂಬುದನ್ನು ಈ ಪದ ಹೇಳಬೇಕು. ಯುದ್ಧದಲ್ಲಿ ಪಾಲ್ಗೊಳ್ಳದ ಜನಸಾಮಾನ್ಯರನ್ನು ತಿಳಿದೂ ತಿಳಿದೂ ಕೊಂದು, ಆ ಮೂಲಕ ಜನತೆಯಲ್ಲಿ ಭೀತಿ ಹುಟ್ಟಿಸಿ ಅಥವಾ ಸರಕಾರವನ್ನು ಮಣಿಸಿ ತನ್ನ ಗುರಿ ಸಾಧಿಸಹೊರಡುವುದು ಭಯೋತ್ಪಾದನೆ. ಇದು ನಾನು ಕಟ್ಟಿದ ವ್ಯಾಖ್ಯೆಯಲ್ಲ. ಭಯೋತ್ಪಾದನೆಗೆ ಹಣಕಾಸು ಒದಗಿಸುವುದರ ವಿರುದ್ಧ 1999ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಪ್ಪಂದದಲ್ಲಿ ಹೆಚ್ಚು ಕಡಿಮೆ ಇದೇ ತಿರುಳಿದೆ. 2004ರ ಭದ್ರತಾ ಮಂಡಳಿಯ 1566ನೆಯ ನಿರ್ಣಯವು, ಇಂತಹ ಕೃತ್ಯಗಳಿಗೆ ರಾಜಕೀಯ, ಜನಾಂಗೀಯ ಅಥವಾ ಧಾರ್ಮಿಕ ಕಾರಣಗಳು ಸಮರ್ಥನೆಯಾಗಲಾರವು ಎಂದಿತು.

ಅಂದರೆ ಕೇಳಬೇಕಾದ ಪ್ರಶ್ನೆಗಳು ಮೂರು. ಯಾರ ವಿರುದ್ಧ? ಯಾವ ದಾರಿಯಿಂದ? ಏಟು ಬಿದ್ದದ್ದು ಯಾರಿಗೆ? ಒಬ್ಬನೇ ವ್ಯಕ್ತಿ ಬಂಡುಕೋರನೂ ಉಗ್ರಗಾಮಿಯೂ ಆಗಿದ್ದು ಭಯೋತ್ಪಾದಕನಾಗದೆ ಇರಬಹುದು. ಮೂರೂ ಆಗಿರಬಹುದು. ಕರ್ತವ್ಯದಲ್ಲಿರುವ ಸೈನಿಕನ ಮೇಲೆ ಬಂಡುಕೋರ ಗುಂಡು ಹಾರಿಸಿದರೆ ಅದು ನೆಲದ ಕಾನೂನಿನಂತೆ ಘೋರ ಅಪರಾಧ. ಈ ಅಳತೆಯಲ್ಲಿ ಅದು ಭಯೋತ್ಪಾದನೆಯಲ್ಲ ಎಂದ ಮಾತ್ರಕ್ಕೆ ಸರಿ ಎಂದಾಗದು. ಪ್ರತಿಯೊಂದು ತಪ್ಪಿಗೂ ಅದರದೇ ಹೆಸರಿರಲಿ ಎಂಬುದಷ್ಟೇ ಇಲ್ಲಿನ ಆಗ್ರಹ.

ಹೆಸರು ಬೇರೆಯಾದರೆ ಪರಿಹಾರವೂ ಬೇರೆಯಾಗುತ್ತದೆ ಎಂಬುದಕ್ಕೆ ಮಿಝೋರಾಮ್ ಸಾಕ್ಷಿ. 1966ರಲ್ಲಿ ಲಾಲ್ಡೆಂಗಾ ನೇತೃತ್ವದ ಮಿಝೋ ನ್ಯಾಷನಲ್ ಫ್ರಂಟ್ ಭಾರತದಿಂದ ಬೇರೆಯಾಗಲು ಸಶಸ್ತ್ರ ದಂಗೆ ಎದ್ದಿತು. ಸರಕಾರ ಐಝಾಲ್ ಪಟ್ಟಣದ ಮೇಲೆ ವಿಮಾನಗಳಿಂದ ದಾಳಿ ನಡೆಸಿತು. ಇಪ್ಪತ್ತು ವರ್ಷಗಳ ಬಳಿಕ, 1986ರ ಜೂನ್ 30ರಂದು ಉಭಯ ಪಕ್ಷಗಳೂ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ಲಾಲ್ಡೆಂಗಾ ಮುಖ್ಯಮಂತ್ರಿಯಾದರು. ಬಂಡುಕೋರನೊಡನೆ ಮಾತನಾಡಲು ಸಾಧ್ಯವೆಂದು ದಿಲ್ಲಿ ಒಪ್ಪಿದ್ದರಿಂದಲೇ ಅಲ್ಲಿ ಬಂದೂಕುಗಳು ಮೌನವಾದವು.

ತದ್ವಿರುದ್ಧ ಉದಾಹರಣೆ ನೆರೆಯ ಶ್ರೀಲಂಕಾದ್ದು. ತಮಿಳರ ನೋವು ನೈಜವಾಗಿತ್ತು. 1983ರ ಜುಲೈಯಲ್ಲಿ ಕೊಲಂಬೊದ ಬೀದಿಗಳಲ್ಲಿ ಅವರ ಮೇಲೆ ನಡೆದ ಹತ್ಯಾಕಾಂಡವನ್ನು ಯಾರೂ ಅಲ್ಲಗಳೆಯಲಾರರು. ಆ ನೋವಿನ ಹೆಸರಿನಲ್ಲಿ ಹೋರಾಡಿದ ಎಲ್‌ಟಿಟಿಇ ಒಂದು ಬಂಡುಕೋರ ಸಂಘಟನೆ. ಅದರ ಹಿಡಿತದಲ್ಲಿ ಭೂಪ್ರದೇಶವಿತ್ತು, ಸೈನ್ಯವಿತ್ತು. ಆದರೆ 1990ರ ಆಗಸ್ಟ್ 3ರಂದು ಕಾತ್ತಾನ್‌ಕುಡಿಯ ಮಸೀದಿಗಳಲ್ಲಿ ರಾತ್ರಿಯ ನಮಾಝ್‌ಗೆ ನಿಂತಿದ್ದ ನೂರಕ್ಕೂ ಹೆಚ್ಚು ಮಂದಿಯನ್ನು, ಮಕ್ಕಳನ್ನೂ ಬಿಡದೆ, ಗುಂಡಿಕ್ಕಿ ಕೊಂದವರು ಅದರ ಬಂದೂಕುಧಾರಿಗಳು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉತ್ತರ ಪ್ರಾಂತದ ಸುಮಾರು 70 ಸಾವಿರ ಮುಸ್ಲಿಮರನ್ನು ಮನೆಮಾರು ಬಿಡಿಸಿ ಹೊರಗಟ್ಟಲಾಯಿತು. ಜಾಫ್ನಾ ಪಟ್ಟಣದಲ್ಲಿ ಅವರಿಗೆ ನೀಡಿದ ಕಾಲಾವಕಾಶ ಕೇವಲ ಎರಡು ಗಂಟೆ. ಹೊರಹೋದವರ ಮಾತೃಭಾಷೆಯೂ ತಮಿಳೇ ಆಗಿತ್ತು. ಈ ಕೃತ್ಯಗಳನ್ನು ಭಯೋತ್ಪಾದನೆ ಎನ್ನಲು ಹಿಂಜರಿಯಬೇಕಾಗಿಲ್ಲ. ಅದೇ ವೇಳೆ ಈ ಕೃತ್ಯಗಳಿಂದ ತಮಿಳರ ನ್ಯಾಯಯುತ ಬೇಡಿಕೆಗಳು ಸುಳ್ಳಾಗಲೂ ಇಲ್ಲ. ಗುರಿ ನ್ಯಾಯವಾದುದೆಂಬ ಕಾರಣಕ್ಕೆ ಕೃತ್ಯ ಪಾವನವಾಗದು. ಕೃತ್ಯ ನೀಚವಾದುದೆಂಬ ಕಾರಣಕ್ಕೆ ಒಂದು ಜನತೆಯ ದುಃಖ ಕೃತಕವಾಗದು.

ಹಾಗಾದರೆ ಸರಕಾರಗಳು? 2009ರಲ್ಲಿ ಎಲ್‌ಟಿಟಿಇಯನ್ನು ಮಣಿಸಿದ ಕೊನೆಯ ತಿಂಗಳುಗಳಲ್ಲಿ, ‘ದಾಳಿರಹಿತ ವಲಯ’ವೆಂದು ತಾನೇ ಘೋಷಿಸಿದ ಪ್ರದೇಶದ ಮೇಲೆ ಶ್ರೀಲಂಕಾ ಸೇನೆ ಶೆಲ್ ದಾಳಿ ನಡೆಸಿತೆಂಬ ಆರೋಪಗಳು ನಂಬಲರ್ಹವಾಗಿವೆ ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ವರದಿ ನೀಡಿತು. ಸತ್ತ ನಾಗರಿಕರ ಸಂಖ್ಯೆ 40 ಸಾವಿರದಷ್ಟಿರಬಹುದೆಂಬ ಅಂದಾಜೂ ಅದರಲ್ಲಿತ್ತು. ಸಮವಸ್ತ್ರ ತೊಟ್ಟವರು ಕೊಂದರೆ ಮಗುವಿನ ಸಾವು ಸಾವಲ್ಲವೇ? ಇಂತಹ ಕೃತ್ಯಗಳನ್ನು ಅಂತಾರಾಷ್ಟ್ರೀಯ ಕಾನೂನು ಯುದ್ಧಾಪರಾಧ ಎಂದು ಕರೆಯುತ್ತದೆ. ಅದು ಕಿರಿದಾದ ಹೆಸರೇನಲ್ಲ. ಆದರೆ ಆ ಹೆಸರನ್ನು ಉಚ್ಚರಿಸಲು ಜಗತ್ತಿನ ಬಲಾಢ್ಯರ ನಾಲಗೆ ತೊದಲುತ್ತದೆ.

2024ರ ನವೆಂಬರ್ 21ರಂದು ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವು ಗಾಝಾದ ಜನರಿಗೆ ಹಸಿವನ್ನೇ ಆಯುಧವಾಗಿಸಿದ ಆರೋಪದಡಿ ಇಸ್ರೇಲ್ ಪ್ರಧಾನಿ ನೆತನ್ಯಾಹು ಅವರ ವಿರುದ್ಧ ಬಂಧನ ವಾರಂಟ್ ಹೊರಡಿಸಿತು. 2023ರ ಅಕ್ಟೋಬರ್ 7ರ ದಾಳಿಗೆ ಸಂಬಂಧಿಸಿ ಹಮಾಸ್‌ನ ಸೇನಾ ನಾಯಕನ ವಿರುದ್ಧವೂ ಅದೇ ದಿನ ವಾರಂಟ್ ಹೊರಟಿತು. ಅವನು ಮೃತನಾಗಿದ್ದುದು ದೃಢಪಟ್ಟ ಬಳಿಕ ಅದು ರದ್ದಾಯಿತು. ಮೊದಲನೆಯ ವಾರಂಟನ್ನು ಮಾತ್ರ ಒಪ್ಪಿ ಎರಡನೆಯದನ್ನು ಮರೆಯುವವರು ನಮ್ಮಲ್ಲಿದ್ದಾರೆ. ಎರಡನೆಯದನ್ನು ಮಾತ್ರ ಒಪ್ಪುವವರು ವಾಷಿಂಗ್ಟನ್‌ನಲ್ಲಿದ್ದಾರೆ. ಅಳತೆಗೋಲು ಒಂದೇ ಆಗಿರಬೇಕೆಂದರೆ ಎರಡನ್ನೂ ಒಟ್ಟಿಗೆ ಒಪ್ಪುವ ಧೈರ್ಯ ಬೇಕು.

ಇಂತಹ ಪ್ರಶ್ನೆಗಳೇ ಜಾಗತಿಕ ವ್ಯಾಖ್ಯೆಯೊಂದಕ್ಕೆ ಅಡ್ಡಿಯಾಗಿವೆ. ಭಯೋತ್ಪಾದನೆಯ ವಿರುದ್ಧ ಸಮಗ್ರ ಒಪ್ಪಂದವೊಂದರ ಕರಡನ್ನು ವಿಶ್ವಸಂಸ್ಥೆಯ ಮುಂದೆ 1996ರಲ್ಲಿ ಇಟ್ಟದ್ದು ನಮ್ಮ ಭಾರತವೇ. ಅದಿನ್ನೂ ಅಂಗೀಕಾರವಾಗಿಲ್ಲ. ಪರಕೀಯ ಆಕ್ರಮಣದ ವಿರುದ್ಧ ಹೋರಾಡುವವರನ್ನು ಏನೆನ್ನಬೇಕು, ಸರಕಾರಿ ಸೇನೆಗಳ ಕೃತ್ಯಗಳನ್ನು ಏನೆನ್ನಬೇಕು ಎಂಬಲ್ಲಿ ಮಾತುಕತೆ ಸಿಕ್ಕಿಕೊಂಡಿದೆ. ವ್ಯಾಖ್ಯೆ ಇಲ್ಲದಿದ್ದರೂ ಪಟ್ಟಿಗಳು ಮಾತ್ರ ಇವೆ. ನೆಲ್ಸನ್ ಮಂಡೇಲಾ ನೊಬೆಲ್ ಪಡೆದು, ರಾಷ್ಟ್ರಾಧ್ಯಕ್ಷರಾಗಿ ನಿವೃತ್ತರಾದ ಬಳಿಕವೂ ಅಮೆರಿಕದ ಭಯೋತ್ಪಾದಕರ ನಿಗಾ ಪಟ್ಟಿಯಲ್ಲಿದ್ದರು. ಅವರ ಹೆಸರು ಅಳಿದದ್ದು 2008ರಲ್ಲಿ, ಅವರಿಗೆ ತೊಂಬತ್ತು ತುಂಬುವಾಗ.

ಈ ವಿವೇಚನೆ ನಮಗೆ ಹೊಸದೇನಲ್ಲ. ಇಸ್ಲಾಮೀ ಕರ್ಮಶಾಸ್ತ್ರದ ಗ್ರಂಥಗಳು ‘ಬಾಗಿ’ ಮತ್ತು ‘ಮುಹಾರಿಬ್’ ಎಂಬ ಎರಡು ಪದಗಳನ್ನು ಬೇರೆ ಬೇರೆಯಾಗಿ ಚರ್ಚಿಸಿವೆ. ಆಡಳಿತದ ವಿರುದ್ಧ ತನ್ನದೇ ಆದ ತರ್ಕದೊಂದಿಗೆ ದಂಗೆ ಎದ್ದವನು ಬಾಗಿ; ದಾರಿಹೋಕರ ಮೇಲೆ ಬಿದ್ದು ಭೀತಿ ಹಬ್ಬಿಸುವವನು ಮುಹಾರಿಬ್. ಮೊದಲನೆಯವನೊಡನೆ ಸಂಧಾನಕ್ಕೆ ಆದ್ಯತೆ. ಎರಡನೆಯವನಿಗೆ ಕಠೋರ ಶಿಕ್ಷೆ. ನಾಲ್ಕನೆಯ ಖಲೀಫಾ ಹಝ್ರತ್ ಅಲಿ(ರ)ಯವರು ಖವಾರಿಜರನ್ನು ಅವರ ವಿಚಾರಗಳಿಗಾಗಿ ದಂಡಿಸಲಿಲ್ಲ. ಅವರು ನಿರಪರಾಧಿಗಳ ರಕ್ತ ಹರಿಸಿದಾಗ ಯುದ್ಧಕ್ಕೆ ನಿಂತರು.

ಸಹೋದರರೇ, ಇನ್ನು ನಮ್ಮ ನಾಡಿಗೆ ಬರೋಣ. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಅನಿಲ ಸಿಲಿಂಡರುಗಳನ್ನು ತುಂಬಿದ ಜೀಪನ್ನು ನುಗ್ಗಿಸಿದವರಲ್ಲಿ ಒಬ್ಬ ಬೆಂಗಳೂರಿನ ಇಂಜಿನಿಯರ್ ಕಫೀಲ್ ಅಹ್ಮದ್. ಸುಟ್ಟಗಾಯಗಳಿಂದ ಅವನು ಆಗಸ್ಟ್ 2ರಂದು ಸತ್ತ. ರಜೆಯ ಪ್ರಯಾಣಕ್ಕೆ ಹೊರಟ ಕುಟುಂಬಗಳನ್ನು ಸುಡಹೊರಟವನನ್ನು ಭಯೋತ್ಪಾದಕನೆನ್ನಲು ಯಾರ ಅಪ್ಪಣೆಯೂ ಬೇಕಿಲ್ಲ. ‘ನಮ್ಮವನು’ ಎಂಬ ಮೃದುತ್ವ ಇಲ್ಲಿ ಸಲ್ಲದು.

ಆದರೆ ಅವನ ದೂರದ ಸಂಬಂಧಿ, ಆಸ್ಟ್ರೇಲಿಯದಲ್ಲಿ ವೈದ್ಯರಾಗಿದ್ದ ಡಾ. ಮುಹಮ್ಮದ್ ಹನೀಫ್ ಅವರಿಗೆ ಏನಾಯಿತು? ಬೆಂಗಳೂರಿನಲ್ಲಿ ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಹೊರಟಿದ್ದ ಅವರನ್ನು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಆರೋಪ ಹೊರಿಸದೆಯೇ ಹನ್ನೆರಡು ದಿನ ಇಟ್ಟುಕೊಳ್ಳಲಾಯಿತು. ಅವರು ಬ್ರಿಟನ್ ಬಿಡುವಾಗ ಬಂಧುವಿಗೆ ಕೊಟ್ಟುಬಂದಿದ್ದ ಮೊಬೈಲ್ ಸಿಮ್ ಕಾರ್ಡ್ ಆ ಜೀಪಿನಲ್ಲೇ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ಅದು ಸಿಕ್ಕಿದ್ದು ಬೇರೊಂದು ಊರಾದ ಲಿವರ್‌ಪೂಲ್‌ನಲ್ಲಿ! ಜುಲೈ 27ರಂದು ಮೊಕದ್ದಮೆ ಕೈಬಿಡಲಾಯಿತು. 2008ರಲ್ಲಿ ಅಲ್ಲಿನ ಅಧಿಕೃತ ವಿಚಾರಣೆಯು ಅವರು ನಿರ್ದೋಷಿ ಎಂದಿತು. 2010ರಲ್ಲಿ ಅಲ್ಲಿನ ಸರಕಾರ ಪರಿಹಾರ ನೀಡಿತು. ಒಂದೇ ಬಂಧುಬಳಗದಲ್ಲಿ ಒಬ್ಬನಿಗೆ ಆ ಹೆಸರು ಅವನ ಕೃತ್ಯದಿಂದ ಬಂತು, ಇನ್ನೊಬ್ಬರಿಗೆ ಕೇವಲ ನಂಟಿನಿಂದ ಅಂಟಿತು.

ನಮ್ಮ ದೇಶದಲ್ಲಿ 2019ರಲ್ಲಿ ಯುಎಪಿಎ ಕಾಯ್ದೆಗೆ ತಂದ ತಿದ್ದುಪಡಿಯು, ನ್ಯಾಯಾಲಯದ ತೀರ್ಪಿಗೆ ಕಾಯದೆ ವ್ಯಕ್ತಿಯೊಬ್ಬನನ್ನು ಭಯೋತ್ಪಾದಕನೆಂದು ಘೋಷಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಕೃತ್ಯ ಸಾಬೀತಾಗುವ ಮೊದಲೇ ಹೆಸರು ಬರೆದಾದರೆ ಆಮೇಲೆ ಅಳಿಸುವವರು ಯಾರು?

ಇದೇ ನ್ಯಾಯವನ್ನು ನಾವೂ ಪಾಲಿಸಬೇಕು. 2006ರ ಮಾಲೆಗಾಂವ್ ಸ್ಫೋಟದಲ್ಲಿ ಬಂಧಿತರಾಗಿದ್ದ ಮುಸ್ಲಿಮ್ ಯುವಕರನ್ನು ವಿಶೇಷ ನ್ಯಾಯಾಲಯ 2016ರಲ್ಲಿ ಆರೋಪಮುಕ್ತಗೊಳಿಸಿದಾಗ ನಾವು ನಿಟ್ಟುಸಿರು ಬಿಟ್ಟೆವು. 2008ರ ಮಾಲೆಗಾಂವ್ ಸ್ಫೋಟದ ಏಳು ಹಿಂದೂ ಆರೋಪಿಗಳು 2025ರ ಜುಲೈ 31ರಂದು ಖುಲಾಸೆಯಾದಾಗ ನಮ್ಮಲ್ಲನೇಕರು ಸಿಟ್ಟಾದರು. ತನಿಖೆಯನ್ನು ಪ್ರಶ್ನಿಸೋಣ, ಮೇಲ್ಮನವಿಯ ದಾರಿಯನ್ನು ಕೇಳೋಣ. ಅದು ಸಂತ್ರಸ್ತರ ಹಕ್ಕು. ಆದರೆ ಸಾಬೀತಾಗದೆ ಹೆಸರಿಡಬಾರದೆಂಬ ನಿಯಮ ನಮ್ಮ ಮಕ್ಕಳಿಗೆ ಮಾತ್ರ ಅನ್ವಯಿಸುವಂತಹದ್ದಲ್ಲ. ‘ಇಸ್ಲಾಮಿಕ್ ಭಯೋತ್ಪಾದನೆ’ ಎಂಬ ಮಾತು ನಮ್ಮನ್ನು ನೋಯಿಸುವುದಾದರೆ, ಇನ್ನೊಂದು ಧರ್ಮದ ಹೆಸರನ್ನು ಅದೇ ಪದಕ್ಕೆ ಜೋಡಿಸುವುದನ್ನೂ ನಾವು ಬಿಡಬೇಕು.

ತಾಯಂದಿರೇ, ತಂದೆಯಂದಿರೇ, ನಿಮ್ಮ ಮಕ್ಕಳು ಮನೆಯ ಟಿ.ವಿ.ಯ ಮುಂದೆ ಕುಳಿತು ಈ ಪದಗಳನ್ನು ದಿನವೂ ಕೇಳುತ್ತಾರೆ. ಶಾಲೆಯಲ್ಲಿ ಯಾರಾದರೂ ತಮಾಷೆಗೆಂದು ಅದೇ ಪದದಿಂದ ಅವರನ್ನು ಕರೆದರೆ ಮೌನವಾಗಿ ಮನೆಗೆ ಮರಳುತ್ತಾರೆ. ಅವರಿಗೆ ಆ ಮೂರು ಪ್ರಶ್ನೆಗಳನ್ನು ಕಲಿಸಿರಿ. ಮುಗ್ಧರನ್ನು ಕೊಂದವನ ಹೆಸರು ನಮ್ಮ ಹೆಸರಿನಂತಿದ್ದರೂ ಅವನನ್ನು ಸಮರ್ಥಿಸದಿರಲು ಕಲಿಸಿರಿ. ಕೊಂದದ್ದು ಸಾಬೀತಾಗದವನ ಹೆಸರು ಯಾವುದೇ ಇದ್ದರೂ ಅವನನ್ನು ಕೊಲೆಗಾರನೆನ್ನದಿರಲು ಕಲಿಸಿರಿ. ಇವೆರಡನ್ನೂ ಒಟ್ಟಿಗೆ ಕಲಿತ ಮಗು ತಲೆಯೆತ್ತಿ ಉತ್ತರಿಸಬಲ್ಲದು. ಆ ಉತ್ತರ ಮೊದಲು ನಮ್ಮ ಮನೆಗಳಲ್ಲಿ ಸಿದ್ಧವಾಗಲಿ ಎಂದು ಆಶಿಸುತ್ತಾ ನನ್ನ ಮಾತಿಗೆ ವಿರಾಮ ಹೇಳುತ್ತೇನೆ.